ಬೋಣಿಯಾಗದ ಬೀದಿ

ಕೆಂಗಲ್ಲುಕೋಟೆಯ ದೊರೆ ಕೆಂಚನಾಯಕನ ತಲೆಗೆ ಯಾರು ತುಂಬಿದರೋ ಏನೋ, ಒಂದು ದಿನ ಓಲಗದಲ್ಲಿ ಮೀಸೆ ತಿರುವುತ್ತ ಹೇಳಿದ: "ಮನೆಗಿಂತ ಅಂಗಡಿಗೆ ಎರಡು ಪಟ್ಟು ಬಾಡಿಗೆ. ಅರಮನೆ ಬೀದಿಯ ನನ್ನ ಮನೆಗಳನ್ನೆಲ್ಲ ಖಾಲಿ ಮಾಡಿಸಿ ಅಂಗಡಿ ಇಡಿಸುತ್ತೇನೆ. ನನ್ನಂಥ ಲೆಕ್ಕಾಚಾರದ ದೊರೆ ಬೇರೆ ಯಾರಿದ್ದಾರೆ?"

ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ಆಸ್ಥಾನಿಕ ಚೆನ್ನಿಗಪ್ಪ ಮಾತ್ರ ತಲೆಯಾಡಿಸಲಿಲ್ಲ. ಓಲಗದಲ್ಲಿ ದೊರೆಗೆ ಎದುರಾಡುವ ಗಂಡು ಅವನೊಬ್ಬನೇ, ನಿಜ. ಆದರೆ ಅದೇ ಬೀದಿಯಲ್ಲಿ ಬಾಡಿಗೆಗಿದ್ದ ಪಾಪದವನೂ ಅವನೇ, ಹೆಂಡತಿ ಬೇರೆ ಬಸುರಿ. ಬಾಡಿಗೆಗೆ ಮನೆಯೇ ವಾಸಿ ಎಂದು ಬಾಯಿಬಿಟ್ಟ.

ನಾಯಕ ಕೆರಳಿದ. "ಹಾಗಂತ ನನ್ನ ಬಾಯಲ್ಲೇ ಹೇಳಿಸು. ಆಗದಿದ್ದರೆ ಊರು ಬಿಡು."

ಚೆನ್ನಿಗಪ್ಪ ಒಪ್ಪಿದ. ಮೊದಲ ಬಾಡಿಗೆಯನ್ನು ಮಾತ್ರ ದೊರೆಯೇ ಖುದ್ದಾಗಿ ಹೋಗಿ ವಸೂಲಿ ಮಾಡಬೇಕು ಎಂದು ಕೇಳಿಕೊಂಡ. ಅದೇನು ಮಹಾ ಎಂದು ನಾಯಕ ನಕ್ಕ.

ಸಂಸಾರಗಳೆಲ್ಲ ಗಂಟುಮೂಟೆ ಕಟ್ಟಿ ಕೋಟೆಯಾಚೆಯ ಛತ್ರ ಸೇರಿದವು. ಚೆನ್ನಿಗಪ್ಪನ ಹೆಂಡತಿ ದಾರಿಯುದ್ದಕ್ಕೂ ಗಂಡನ ನಾಲಿಗೆಯನ್ನು ಬೈದಳು. ಇತ್ತ ಬೀದಿ ತುಂಬ ಅಂಗಡಿಗಳು ಎದ್ದವು.

ತಿಂಗಳು ತುಂಬಿದ ಬೆಳಿಗ್ಗೆ ನಾಯಕ ಠೀವಿಯಿಂದ ಬಂದ. ಪೊರಕೆ ಮಾರುವ ಸಾಕವ್ವ ಕೈಮುಗಿದು, ಇನ್ನೂ ಬೋಣಿ ಆಗಿಲ್ಲ, ಮೊದಲ ವ್ಯಾಪಾರಕ್ಕೆ ಮುಂಚೆ ಕಾಸು ಹೊರಗೆ ಹೋದರೆ ಲಕ್ಷ್ಮಿ ಮುನಿಯುತ್ತಾಳೆ ಎಂದಳು. ಮಡಕೆಯವನಿಗೂ ಬೋಣಿ ಇಲ್ಲ, ಉಪ್ಪಿನವನಿಗೂ ಇಲ್ಲ. ಮಧ್ಯಾಹ್ನ ಬಂದರೂ ಅದೇ ಪಾಡು. ಸಂಜೆ ಬಂದರೆ, ದೀಪ ಹಚ್ಚಿದ ಮೇಲೆ ಯಾರಾದರೂ ಕಾಸು ಕೊಡುತ್ತಾರೆಯೇ ಸ್ವಾಮಿ ಎಂದು ಅವರೇ ಕೇಳಿದರು.

ಮರುದಿನ ನಾಯಕ ತಲೆಕೆಟ್ಟು ತಾನೇ ಬೋಣಿ ಮಾಡಿದ. ಪ್ರತಿ ಅಂಗಡಿಯಲ್ಲೂ ಕೊಂಡ. ಬೋಣಿ ಹೊತ್ತಲ್ಲಿ ಚೌಕಾಸಿ ಬೇಡ ಎಂದರು, ಅದನ್ನೂ ಬಿಟ್ಟ. ಕೊನೆಗೆ ಬಂದ ಬಾಡಿಗೆಗಿಂತ ಕೊಟ್ಟ ಕಾಸೇ ಹೆಚ್ಚಾಯಿತು.

"ಈ ಬೀದಿಯಲ್ಲಿ ಕೊಳ್ಳುವವರೇ ಇಲ್ಲವೇನೋ?" ಎಂದು ಜೊತೆಗಿದ್ದ ಚೆನ್ನಿಗಪ್ಪನ ಮೇಲೆ ಸಿಡುಕಿದ.

"ಇದ್ದರು ಪ್ರಭು," ಎಂದ ಚೆನ್ನಿಗಪ್ಪ. "ಬೆಳಿಗ್ಗೆ ಒಲೆ ಹಚ್ಚಿ, ಅಯ್ಯೋ ಉಪ್ಪು ಮುಗಿದಿದೆ ಅಂತ ಓಡಿಬರುವವರು. ಅವರೆಲ್ಲ ಈಗ ಕೋಟೆಯಾಚೆಯ ಛತ್ರದಲ್ಲಿದ್ದಾರೆ."

ನಾಯಕ ಖಾಲಿ ಬೀದಿಯತ್ತ ಒಮ್ಮೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಮನೆಯೇ ವಾಸಿ ಕಣಯ್ಯ. ಎಲ್ಲರನ್ನೂ ವಾಪಸು ಕರೆಸು. ಅಂಗಡಿಗಳು ಬೀದಿಯ ಮೂಲೆಗಿರಲಿ. ಆದರೆ ಈ ಪೊರಕೆ, ಮಡಕೆಯ ರಾಶಿ ಏನು ಮಾಡಲಿ?"

"ತಾವೂ ಒಂದು ಅಂಗಡಿ ಇಡಿ ಪ್ರಭು. ಹೊಸದಾಗಿ ಮನೆ ಹೂಡುವವನು ನಾನು, ಬೋಣಿ ನನ್ನದೇ. ಚೌಕಾಸಿ ಮಾಡುವುದಿಲ್ಲ, ತಾವು ಮಾತ್ರ ಕಾಸು ಕೇಳಬೇಡಿ."

ನಾಯಕ ಕೇಳಲಿಲ್ಲ. ಆ ವರ್ಷದ ಮನೆ ಬಾಡಿಗೆಯನ್ನೂ ಕೇಳಲಿಲ್ಲ.