ದ್ಯಾವಣ್ಣನ ಹನ್ನೊಂದು ನಿಮಿಷ

ದೊಡ್ಡಾಸ್ಪತ್ರೆಗೆ ಕರುಳಿನ ಆಪರೇಷನ್ ಮಾಡುವ ರೋಬೋಟು ಬಂತು. ಒಂದೊಂದು ಕೈಯೂ ತೆಂಗಿನಮರದುದ್ದ, ಸುಳ್ಳಲ್ಲ. ಅದರ ಹಿಂದೆಯೇ ಯಾವ ಕೆಲಸಕ್ಕೆ ಎಷ್ಟು ನಿಮಿಷ ಅಂತ ಅಳೆಯೋಕೆ ಸುಧೀಂದ್ರ ಸಾಹೇಬರು ಬಂದರು, ಸ್ಟಾಪ್‌ವಾಚು ಹಿಡಿದು.

ವಾರವಿಡೀ ಅಳೆದು ವಾರ್ಡ್‌ಬಾಯ್ ದ್ಯಾವಣ್ಣನನ್ನು ಕರೆದರು.

"ಮತ್ತಿನ ಇಂಜೆಕ್ಷನ್ ಕೊಡೋ ಮುಂಚೆ ರೋಗಿ ಕೈ ಹಿಡ್ಕೊಂಡು ಹನ್ನೊಂದು ನಿಮಿಷ ಹರಟೆ ಹೊಡೀತೀಯಲ್ಲಯ್ಯ. ಬರೀ ದಂಡ. ನಾಳೆಯಿಂದ ಬಟ್ಟೆ ಒಗೆಯೋ ಕಡೆ ಹೋಗು."

ದ್ಯಾವಣ್ಣ ಇಪ್ಪತ್ತು ವರ್ಷ ಅಲ್ಲೇ ಇದ್ದವನು. ಆದರೂ ತಲೆಯಾಡಿಸಿದ.

"ಆಯ್ತು ಸಾರ್. ನೀವೇ ರೋಗಿ ಥರ ಟೇಬಲ್ ಮೇಲೆ ಮಲಗಿ ಒಂದ್ಸಲ ಅಳೆದ್ರೆ ಲೆಕ್ಕ ಪೂರ್ತಿ ಆಗ್ತದೆ. ವಾಚು ನಾನು ಹಿಡೀತೀನಿ."

ಪೂರ್ತಿ ಲೆಕ್ಕವೆಂದರೆ ಸಾಹೇಬರಿಗೆ ಪ್ರಾಣ. ಗೌನು ತೊಟ್ಟು ಮಲಗಿದರು. ಸಿಸ್ಟರ್ ರೋಬೋಟಿನ ಗುಂಡಿ ಒತ್ತಿದರು. ನಾಲ್ಕು ಕೈಗಳು ಸದ್ದಿಲ್ಲದೆ ಹೊಟ್ಟೆಯ ಮೇಲೆ ಬಂದು ನಿಂತವು. ದ್ಯಾವಣ್ಣ ವಾಚು ಒತ್ತಿ ಬಾಗಿಲ ಕಡೆ ಹೊರಟ.

"ಎಲ್ಲಿಗಪ್ಪಾ ದ್ಯಾವಣ್ಣ?" ಸಾಹೇಬರು ಅವನ ಕೈ ಗಟ್ಟಿಯಾಗಿ ಹಿಡಿದರು. "ಸ್ವಲ್ಪ ಇರು. ನಿಂಗೆ ಮಕ್ಕಳೆಷ್ಟು?"

ದ್ಯಾವಣ್ಣ ಮಕ್ಕಳ ಕತೆ ಹೇಳಿದ, ಆಮೇಲೆ ಎಮ್ಮೆಯ ಕತೆ. ಸಾಹೇಬರು ನಕ್ಕರು. ಹಿಡಿತ ಸಡಿಲವಾಯಿತು.

"ಎಷ್ಟಾಯ್ತು, ಎರಡು ನಿಮಿಷ?"

"ಹದಿನಾಲ್ಕು ಸಾರ್. ದಂಡ ಅಂತ ಬರ್ಕೊಳ್ಳಲಾ?"

ಸಾಹೇಬರು ಎದ್ದು ಕೂತು ಗೌನು ಸರಿಮಾಡಿಕೊಂಡರು.

"ಹನ್ನೊಂದು ನಿಮಿಷ, ಬೇಕೇ ಬೇಕು ಅಂತ ಬರಿ. ನೀನು ಇಲ್ಲೇ ಇರು. ಮಿಕ್ಕ ಮೂರು ನಿಮಿಷದ ವಿಷಯ ಯಾರಿಗೂ ಹೇಳ್ಬೇಡ."