ಹೊಳೆಗೆ ಹಾಸಿದ ಚಾಪೆ

ಭೂಮಿಯ ಮಣ್ಣು ಆಗಿನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಕೂರುವುದನ್ನು ಕಲಿತಿದ್ದವು, ಮರಗಳು ನಿಲ್ಲುವುದನ್ನು ಕಲಿತಿದ್ದವು. ಹೊಳೆಗೆ ಮಾತ್ರ ಓಡುವುದೊಂದೇ ಗೊತ್ತಿತ್ತು.

ಮಳೆ ಬಿದ್ದರೆ ಸಾಕು, ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು ಬೆಟ್ಟದಿಂದ ಸಮುದ್ರದ ಕಡೆಗೆ ಓಟ ಕೀಳುತ್ತಿದ್ದಳು. ದಾರಿಯಲ್ಲಿ ಗುಡಿಸಲು ಕೆಡವಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಬೇಸಿಗೆ ಬಂತೋ, ಬಾವಿಗೆ ಇಳಿಸಿದ ಕೊಡ ಕಲ್ಲಿಗೆ ತಾಗಿ ಠಣ್ ಎನ್ನುತ್ತಿತ್ತು.

ಅವಳ ದಾರಿಯ ಬಯಲಿನ ಒಂದು ಊರಲ್ಲಿ ಬಾಳವ್ವ ಎಂಬ ಮುದುಕಿ ಇದ್ದಳು. ದೂರದ ಹೊಂಡದಿಂದ ಜೊಂಡುಹುಲ್ಲು ಹೊತ್ತು ತಂದು ಚಾಪೆ ಹೆಣೆಯುವುದು ಅವಳ ಕಸುಬು. ಅವಳ ಮಗಳು ಸೇವಂತಿ ಬಸುರಿ. ಬರುವ ಬೇಸಿಗೆಯಲ್ಲಿ ಹೆರಿಗೆಗೆ ತವರಿಗೆ ಬರುವವಳಿದ್ದಳು. ನೀರಿಲ್ಲದ ಊರಲ್ಲಿ ಬಾಣಂತಿಗೆ ಏನು ಎರೆಯುವುದು? ಬಾಳವ್ವನಿಗೆ ಅದೊಂದೇ ಚಿಂತೆ.

“ಈ ಹೊಳಿ ಹುಡುಗಿ ಯಾಕ ಹಿಂಗ ಓಡ್ತಾಳ?” ಎಂದು ಅವಳು ಗಾಳಿಯನ್ನು ಕೇಳಿದಳು.

“ಕುಂಡ್ರು ಅಂತ ಅಕಿಗೆ ಯಾರೂ ಅಂದೇ ಇಲ್ಲಬೇ” ಎಂದಿತು ಗಾಳಿ.

ಬಾಳವ್ವನಿಗೆ ನಾಚಿಕೆಯಾಯಿತು. ಬಂದವಳು ಹಗೆಯ ಮನೆಯ ಮಗಳೇ ಆಗಲಿ, ಆ ಊರು ಬರಿ ಉಡಿಯಲ್ಲಿ ಕಳಿಸುತ್ತಿರಲಿಲ್ಲ. ಕೂರಿಸಿ, ಸೆರಗಿಗೆ ಕಾಳು ಹಾಕಿ ಉಡಿ ತುಂಬಿಯೇ ಕಳಿಸುವುದು. ಉಡಿ ತುಂಬಿಸಿಕೊಂಡವಳೂ ಅದರಲ್ಲಿ ಒಂದು ಹಿಡಿ ತವರಿಗೆ ಬಿಟ್ಟು ಹೋಗುವುದು. ಹೊಳೆಗೆ ಇದಾವುದನ್ನೂ ಯಾರೂ ಮಾಡಿರಲಿಲ್ಲ.

ಹೊಳೆಯನ್ನು ಕೂರಿಸಲು ಬಾಳವ್ವ ಜಾಗ ಹುಡುಕಿ ಹೊರಟಳು.

“ನನ್ನ ಮ್ಯಾಲೆ ಜೋಳ ಐತಿ” ಎಂದಿತು ಎರೆಹೊಲ.

“ನನ್ನ ಮ್ಯಾಲೆ ಕುಂತ್ರ ಜಾರಿ ಬೀಳ್ತಾಳ” ಎಂದಿತು ಬಂಡೆ.

ಊರವರು ಬೂದಿ ಸುರಿಯುವ ತಗ್ಗು ಮಾತ್ರ ಮೆಲ್ಲಗೆ ಹೇಳಿತು: “ನಾ ಯಾತಕ್ಕೂ ಬರೂದಿಲ್ಲ ಅಂತಾರ. ಅಕಿ ಬಂದ್ರ ಇಲ್ಲೇ ಕುಂಡ್ರಲಿ.”

ಆದರೆ ಊರ ಹಿರಿಯ ಭರಮಗೌಡ ಅಷ್ಟರಲ್ಲೇ ಅರ್ಧ ತಗ್ಗಿಗೆ ಮಣ್ಣು ತುಂಬಿಸಿ ಮೇಲೆ ಮೇವಿನ ಬಣವೆ ಒಟ್ಟಿಸಿದ್ದ.

“ತಗ್ಗು ಅಂದ್ರ ದಂಡದ ಜಾಗಾ, ಆಯಿ. ತುಂಬಿದ್ರ ಉಪಯೋಗಕ್ಕ ಬರ್ತೈತಿ” ಎಂದ.

“ಖಾಲಿ ಇರೂದೆಲ್ಲಾ ದಂಡ ಅಲ್ಲ, ತಮ್ಮಾ. ಕೊಡಾನೂ ಒಳಗ ಖಾಲಿನ ಇರ್ತೈತಿ” ಎಂದಳು ಬಾಳವ್ವ.

ಗೌಡ ನಕ್ಕು ಹೋದ. ಬಾಳವ್ವ ಸಂತೆಗೆಂದು ಹೆಣೆದಿಟ್ಟಿದ್ದ ಹಸಿ ಜೊಂಡಿನ ಚಾಪೆಗಳನ್ನೆಲ್ಲ ತಂದು ಉಳಿದ ಅರ್ಧ ತಗ್ಗಿನ ತುಂಬ ಹಾಸಿದಳು. ಆಮೇಲೆ ಮಳೆ ಬಂತು, ಹಿಂದೆಯೇ ಹೊಳೆಯೂ ಬಂದಳು.

“ಬಾರವ್ವಾ, ಒಂದೀಟು ಕುಂತು ಹೋಗು.”

“ಸಮುದ್ರಕ್ಕ ಹೊತ್ತಾಗ್ತೈತಿ.”

“ಸಮುದ್ರ ಎಲ್ಲಿಗೂ ಓಡಿ ಹೋಗೂದಿಲ್ಲ. ಬರಿ ಉಡ್ಯಾಗ ಗಂಡನ ಮನಿಗೆ ಹೋದ್ರ ನಿಮ್ಮತ್ತಿ ನಿನ್ನ ಅನ್ನೂದಿಲ್ಲ, ನಮ್ಮೂರನ್ನ ಆಡಿಕೊಂತಾಳ.”

ಹೊಳೆಗೆ ನಗು ಬಂತು. ಹುಟ್ಟಿದಾಗಿನಿಂದ ಮೊದಲ ಸಲ ಅವಳು ಕೂತಳು. ಕೂತ ಮೇಲೆ ದಣಿವು ಗೊತ್ತಾಯಿತು. ಹಾಯೆನ್ನುತ್ತ ಕಾಲು ಚಾಚಿದಳು. ಗೌಡನ ಬಣವೆ ಬುಡಸಮೇತ ತೇಲಿಹೋಯಿತು.

ಬೈಯುತ್ತ ಓಡಿ ಬಂದ ಗೌಡನಿಗೆ ಹೊಳೆ ಹೇಳಿದಳು: “ಕಾಲು ಚಾಚಾಕ ಜಾಗಾ ಸಾಲಲಿಲ್ಲೋ ಕಾಕಾ.”

ಗೌಡ ಹಿಂತಿರುಗಿ ಊರ ಕಡೆ ನೋಡಿದ. ಪ್ರತಿ ಮಳೆಗೂ ಬೀಳುತ್ತಿದ್ದ ಅವನ ಮನೆಯ ಹಿತ್ತಿಲ ಗೋಡೆ ಈ ಸಲ ನಿಂತೇ ಇತ್ತು. ಒಂದು ಗುಡಿಸಲೂ ಬಿದ್ದಿರಲಿಲ್ಲ. ಅವನು ಬುಟ್ಟಿ ಸಲಿಕೆ ತಂದು, ತಾನು ತುಂಬಿಸಿದ ಮಣ್ಣನ್ನು ತಾನೇ ಹೊರತೊಡಗಿದ. ಸ್ವಲ್ಪ ಹೊತ್ತಿಗೆ ಊರೇ ಬುಟ್ಟಿ ಹಿಡಿದು ಬಂತು.

ಹೊಳೆ ಎಷ್ಟೋ ದಿನ ಕೂತಳು. ಅವಳ ಮೈಯ ಕೆಮ್ಮಣ್ಣು ಚಾಪೆಗಳ ಮೇಲೆ ಇಳಿಯಿತು, ಚಾಪೆಯ ಜೊಂಡು ಬೇರುಬಿಟ್ಟು ಚಿಗುರಿತು. ಬಾಳವ್ವ ತಾವರೆ ಬೀಜ, ಮೀನಿನ ಮೊಟ್ಟೆ, ಬಸವನಹುಳು ಎಲ್ಲ ಹಾಕಿ ಉಡಿ ತುಂಬಿದಳು. ಎಲ್ಲೆಲ್ಲಿಂದಲೋ ಬಾತುಗಳು ಬಂದಿಳಿದವು. ಕೊನೆಗೆ ಹೊಳೆ ತಿಳಿಯಾಗಿ ಎದ್ದಳು, ಪದ್ಧತಿಯಂತೆ ಒಂದು ಹಿಡಿ ನೀರನ್ನು ಅಲ್ಲೇ ಬಿಟ್ಟು ನಿಧಾನವಾಗಿ ನಡೆದು ಹೋದಳು.

ಆ ಒಂದು ಹಿಡಿ ನೆಲದೊಳಗೆ ಇಳಿದು ಊರಿನ ಬಾವಿಗಳಿಗೆ ಸೇರಿತು. ಬೇಸಿಗೆಯಲ್ಲಿ ಸೇವಂತಿ ಹೆಣ್ಣು ಹೆತ್ತಳು. ಬಾಳವ್ವ ಹಂಡೆ ತುಂಬ ನೀರು ಕಾಯಿಸಿ ಮಗಳಿಗೂ ಮೊಮ್ಮಗಳಿಗೂ ಎರೆದಳು. ಎರೆಯುತ್ತ ಎರೆಯುತ್ತ ಸಂತೋಷಕ್ಕೆ ಅತ್ತುಬಿಟ್ಟಳು.

ಅದಕ್ಕೇ ಮಕ್ಕಳೇ, ಕೆಂಪಗೆ ಓಡಿ ಬಂದ ನೀರು ಇವತ್ತಿಗೂ ಜೊಂಡು ಬೆಳೆದ ಜೌಗಿನಲ್ಲಿ ಕೂತು, ತಿಳಿಯಾಗಿ ಎದ್ದು ಹೋಗುತ್ತದೆ. ಆ ಜೌಗನ್ನು ಮುಚ್ಚಿ ಕಟ್ಟಿದ ಮನೆಯೊಳಗೆ ಮಳೆಗಾಲದಲ್ಲಿ ಹೊಸ್ತಿಲು ದಾಟಿ ನೀರು ಬಂದರೆ ಅದನ್ನು ಬೈಯಬೇಡಿ, ಪಾಪ, ಅದು ತನಗೆ ಹಾಸಿದ್ದ ಚಾಪೆಯನ್ನು ಹುಡುಕುತ್ತಿರುತ್ತದೆ.