ಬೊಮ್ಮವ್ವನ ಉಳದ ಹೊಲ

"ನೇಗಿಲು ಕಾಣದ ನೆಲ ಸೋಮಾರಿಯ ನೆಲ!" ಎಂದು ಹಾಲಗೆರೆಯ ಮಂತ್ರಿ ಕೇತರಸ ತುಂಬಿದ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ. "ವರ್ಷ ವರ್ಷ ಬುಡಸಮೇತ ಕಿತ್ತು ಹೊಸದಾಗಿ ಬಿತ್ತಬೇಕು. ನೆಟ್ಟಲ್ಲೇ ನಿಂತದ್ದೆಲ್ಲ ದಂಡ. ಮುಂಗಾರಿನೊಳಗೆ ಉಳದವರ ಹೊಲ ಅರಮನೆಗೆ!"

ರಾಜನಿಗೆ ಹಸಿವಾಗಿತ್ತು. ಮುದ್ರೆ ಒತ್ತಿದ.

ಮುಂಗಾರು ಹೊಸ್ತಿಲಿಗೆ ಬಂದಾಗ ತಪಾಸಣೆಗೆ ಮಂತ್ರಿ ತಾನೇ ಹೊರಟ. ಜೊತೆಗೆ ಆಸ್ಥಾನದ ಸೋವಣ್ಣನೂ ಇದ್ದ. ನಗಿಸುವುದೇ ಅವನ ಕೆಲಸ, ಆದರೆ ಆ ಬಿಸಿಲಿನಲ್ಲಿ ಅವನಿಗೇ ನಗು ಬರಲಿಲ್ಲ. ಉತ್ತ ಹೊಲಗಳಲ್ಲಿ ಹಿಡಿ ನೆರಳೂ ಇರಲಿಲ್ಲ. ಕೊನೆಗೆ ಮಂತ್ರಿ ಬೊಮ್ಮವ್ವನೆಂಬ ಮುದುಕಿಯ ಮರ ತುಂಬಿದ ಹೊಲದಲ್ಲಿ ಹುಣಸೆಮರದಡಿ ಪಲ್ಲಕ್ಕಿ ಇಳಿಸಿ, ಅವಳು ಕೊಟ್ಟ ನುಗ್ಗೆಸೊಪ್ಪಿನ ಸಾರಿನಲ್ಲಿ ಮುದ್ದೆ ಉಂಡು, ಒಂದು ನಿದ್ದೆ ತೆಗೆದ. ಎದ್ದವನೇ, ಈ ಹೊಲದಲ್ಲಿ ನೇಗಿಲ ಗೆರೆ ಇಲ್ಲವೆಂದು ಬರೆಸಿದ.

"ಉಳೋಕೆ ಜಾಗ ಎಲ್ಲೈತೆ ಬುದ್ಧಿ?" ಬೊಮ್ಮವ್ವ ಕೈಮುಗಿದಳು. "ಕೆಳಗೆಲ್ಲ ಬೇರು. ಮಳೆ ನೀರು ಹಿಡಿಯೋದೂ ಅವೇ. ಉದುರಿದ ಹೊಂಗೆ ಎಲೇನೇ ಗೊಬ್ಬರ. ಈ ವಯಸ್ನಾಗೆ ನಾನು ಎತ್ತು ಕಟ್ಟೋಕಾಯ್ತದಾ? ಈ ಮರಗಳೇ ನನ್ನ ಸಾಕ್ತವೆ."

"ಹೊಲ ಇನ್ನು ಅರಮನೇದು. ನಾಳೆ ಮರ ಕಡಿಯೋಕೆ ಕೊಡಲಿಯವರು ಬರ್ತಾರೆ" ಎಂದ ಮಂತ್ರಿ, ಅವಳ ಹಲಸಿನ ತೊಳೆಯೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾ.

ಬೊಮ್ಮವ್ವ ಹುಣಸೆಗೆ ಒರಗಿ ಅತ್ತಳು. ಹಿಂದಿರುಗುವ ದಾರಿಯಲ್ಲಿ ಸೋವಣ್ಣ ಬಹಳ ವಿನಯದಿಂದ ಕೇಳಿದ: "ಮಂತ್ರಿಗಳೇ, ಈ ಅಪ್ಪಣೆ ಹೊಲಗಳಿಗೆ ಮಾತ್ರವೋ, ಅರಮನೆಗೂ ಉಂಟೋ?"

"ಪ್ರಜೆಗೊಂದು, ಅರಮನೆಗೊಂದು ನ್ಯಾಯ ನನ್ನ ಹತ್ತಿರ ಇಲ್ಲ!"

"ದೊಡ್ಡ ಮಾತು" ಎಂದ ಸೋವಣ್ಣ.

ಮರುದಿನ ಕೊಡಲಿಯವರು ಹೊರಡುವ ಮೊದಲೇ ಅವನು ಗುದ್ದಲಿ ಹೊತ್ತು ಸಭೆಗೆ ಬಂದ. ಮಂತ್ರಿಯ ಪೀಠದ ಸುತ್ತ ಗೆರೆ ಎಳೆದು, ಪಂಚೆ ಎತ್ತಿ ಕಟ್ಟಿ, "ಸ್ವಲ್ಪ ಕಾಲು ಎತ್ತಿ" ಎಂದ.

"ಏನಯ್ಯ ಇದು?" ಎಂದ ರಾಜ.

"ತಮ್ಮದೇ ಅಪ್ಪಣೆ, ಪ್ರಭು. ನೆಟ್ಟಲ್ಲೇ ಇರುವುದನ್ನು ಕಿತ್ತು ಹೊಸದು ಹಾಕಬೇಕು. ಮಂತ್ರಿಗಳು ಇಲ್ಲಿ ಕೂತು ಇಪ್ಪತ್ತೆರಡು ವರ್ಷ. ಹೊಸಬರು ಹೊರಗೆ ಕಾಯುತ್ತಿದ್ದಾರೆ. ಮುಂದಿನ ವರ್ಷ ಅವರನ್ನೂ ಕೀಳುತ್ತೇನೆ."

ಕೇತರಸ ಪೀಠವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ತಲೆ ಕೆಟ್ಟಿದೆಯೇ ನಿನಗೆ! ಬೇರೂರುವುದಕ್ಕೇ ಹತ್ತು ವರ್ಷ ಬೇಕು. ಆಮೇಲಲ್ಲವೇ ಉಪಯೋಗ? ವರ್ಷ ವರ್ಷ ಕಿತ್ತರೆ ಏನು ಉಳಿದೀತು?"

"ಬೊಮ್ಮವ್ವ ಹೇಳಿದ್ದೂ ಅದನ್ನೇ, ಮಂತ್ರಿಗಳೇ. ತಮ್ಮಷ್ಟು ಚೆನ್ನಾಗಿ ಹೇಳಲು ಅವಳಿಗೆ ಬರಲಿಲ್ಲ."

ಯಾವ ಬೊಮ್ಮವ್ವ ಎಂದು ರಾಜ ಕೇಳಿದ. ಸೋವಣ್ಣ ಎಲ್ಲವನ್ನೂ ಹೇಳಿದ, ಹಲಸಿನ ತೊಳೆಯನ್ನೂ ಬಿಡದೆ. ರಾಜ ಕೊಡಲಿಯವರನ್ನು ಮನೆಗೆ ಕಳಿಸಿ, ಅಪ್ಪಣೆಯನ್ನು ಅಲ್ಲೇ ಹರಿದುಹಾಕಿದ. ಆಮೇಲೆ ಮೀಸೆಯಡಿ ನಗು ತಡೆಯುತ್ತಾ ಕೇಳಿದ: "ಅಂದರೆ ನಮ್ಮ ಮಂತ್ರಿಯೂ ಆ ಮುದುಕಿಯ ಹುಣಸೆಮರವೂ ಒಂದೇ ಎನ್ನುತ್ತೀಯೇನು?"

ಸೋವಣ್ಣ ಗುದ್ದಲಿ ಕೆಳಗಿಟ್ಟು ಕೈಮುಗಿದ.

"ಇಲ್ಲ ಪ್ರಭು, ಸುಳ್ಳು ಹೇಳಬಾರದು. ಹುಣಸೆ ಕಾಯಿ ಬಿಡುತ್ತದೆ."